ಧ್ವನಿಪುಸ್ತಕ ಕೇಂದ್ರದ ಕಂಪ್ಯೂಟರಿಗೆ ಬಾಗಿಲು ತೆರೆದವರು ಯಾರು ಎಂಬ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಐವತ್ತೆಂಟು ವರ್ಷ, ಉದ್ಯೋಗ ಧ್ವನಿಪುಸ್ತಕ ಕೇಂದ್ರದಲ್ಲಿ ತಾಂತ್ರಿಕ ಮುಖ್ಯಸ್ಥ, ವಾಸ ಸದರಿ ಕೇಂದ್ರದಿಂದ ಒಂದೂವರೆ ಕಿಲೋಮೀಟರ್ ದೂರದ ಬಾಡಿಗೆ ಮನೆಯ ಎರಡನೇ ಮಹಡಿ, ಇಂದು ಠಾಣೆಗೆ ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಕೇಂದ್ರದಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತೇವೆ. ಓದುವವರು ಸ್ವಯಂಸೇವಕರು. ಮುದ್ರಿಸಿದ್ದನ್ನು ಕತ್ತರಿಸಿ ಜೋಡಿಸಿ ಸರಿಪಡಿಸುವವರಲ್ಲಿ ಮುಖ್ಯರು ಅರವತ್ತೊಂದು ವರ್ಷದ ಒಬ್ಬ ಹಿರಿಯರು. ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಓದುವವರು ಪುಟ ತಿರುವಿದ ಸದ್ದನ್ನು ಕೇಳಿ ಅದು ಹಳೆಯ ಪುಸ್ತಕವೋ ಹೊಸದೋ ಎಂದು ಹೇಳಬಲ್ಲವರಾದ್ದರಿಂದ ಅವರನ್ನು ಎಲ್ಲರೂ ಕಿವಿ ಮೇಷ್ಟ್ರು ಎನ್ನುತ್ತಾರೆ. ಅವರು ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ಪಾಠಗಳೆಲ್ಲ ಇರುವುದು ಕೇಂದ್ರದ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ. ಮನೆಯಲ್ಲಿ ಕುಳಿತವರು ಇಂಟರ್ನೆಟ್ ಮೂಲಕ ಅದರೊಳಗೆ ಲಾಗಿನ್ ಆಗಿ ಕೆಲಸ ಮಾಡಬೇಕು.

ಈ ಪ್ರಕರಣದಲ್ಲಿ ಕೇಂದ್ರದ ಕಾರ್ಯದರ್ಶಿಯವರ ದೂರಿನ ಮೇಲೆ ತಾವು ವಿಚಾರಣೆಗೆ ಕರೆಸಿದ ಇಪ್ಪತ್ನಾಲ್ಕು ವರ್ಷದ ಯುವತಿ ನಮ್ಮಲ್ಲಿ ಕಿರಿಯ ತಂತ್ರಜ್ಞೆ. ಎರಡು ವರ್ಷದ ಹಿಂದೆ ಕೆಲಸಕ್ಕೆ ಬಂದಾಗ ಮೈಕನ್ನು ಬಾಯಿಂದ ಎಷ್ಟು ದೂರ ಇಡಬೇಕೆಂದು ಕಲಿಸಿದವನು ನಾನು. ಕಂಪ್ಯೂಟರಿನ ಕೆಲಸವನ್ನು ಒಂದೇ ವರ್ಷದಲ್ಲಿ ನನಗಿಂತ ಚೆನ್ನಾಗಿ ಕಲಿತಳು. ಇದುವರೆಗೆ ಹತ್ತೊಂಬತ್ತು ಮಂದಿ ಎಳೆಯರು ನನ್ನ ಕೈಕೆಳಗೆ ಕಲಿತು ಹೋಗಿದ್ದಾರೆ. ಪ್ರಶ್ನೆಗೆ ಉತ್ತರ ಸಿಕ್ಕ ಮೇಲೂ ಮತ್ತೊಂದು ಪ್ರಶ್ನೆ ಕೇಳುವವಳು ಇವಳೊಬ್ಬಳೇ.

ಎಂಟು ತಿಂಗಳ ಹಿಂದಿನವರೆಗೆ ನಮ್ಮ ಕಂಪ್ಯೂಟರಿಗೆ ಎಲ್ಲರಿಗೂ ಸೇರಿ ಒಂದೇ ಖಾತೆ, ಒಂದೇ ಪಾಸ್‌ವರ್ಡ್ ಇತ್ತು. ಅದು ಎಲ್ಲರ ಬಾಯಲ್ಲೂ ಇತ್ತು. ಆ ತಿಂಗಳ ಸಭೆಯಲ್ಲಿ ಈಕೆ ಒಂದು ಕಾಗದವನ್ನು ಮೇಜಿನ ಮೇಲೆ ಹರವಿ, ನಿನ್ನೆ ಒಂದೇ ದಿನ ಹೊರಗಿನವರು 3,164 ಸಲ ನಮ್ಮ ಪಾಸ್‌ವರ್ಡನ್ನು ಊಹಿಸಿ ಒಳಗೆ ಬರಲು ಯತ್ನಿಸಿದ್ದಾರೆ ಎಂದು ತೋರಿಸಿದಳು. ಕಾರ್ಯದರ್ಶಿಯವರು, "ಅಷ್ಟು ಜನಕ್ಕೆ ನಮ್ಮ ಪಾಠ ಕೇಳೋ ಆಸೆ ಇದೆಯಾ? ಪರವಾಗಿಲ್ವೇ!" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ. "ಒಂದು ದಿನ ಎಲ್ಲಾ ಅಳಿಸಿ ಹೋಗುತ್ತೆ ಸರ್, ಆಗ ನಂಬ್ತೀರ" ಎಂದಳು. ಈ ಮಾತು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ಇದನ್ನೇ ಕಾರ್ಯದರ್ಶಿಯವರು ತಮ್ಮ ದೂರಿನಲ್ಲಿ ಬೆದರಿಕೆ ಎಂದು ಬರೆದಿದ್ದಾರೆ. ಸಭೆಯಲ್ಲಿ ಆಕೆಯಿಂದ ಎರಡು ಅಡಿ ದೂರ ಕುಳಿತಿದ್ದ ನನಗೆ ಅದು ಬೆದರಿಕೆಯಾಗಿ ಕೇಳಿಸಲಿಲ್ಲ. ಬೇಡಿಕೊಂಡಂತೆ ಕೇಳಿಸಿತು.

ಅಂದಿನಿಂದ ಮೂರು ವಾರಗಳಲ್ಲಿ ಆಕೆ ವ್ಯವಸ್ಥೆಯನ್ನು ಬದಲಿಸಿದಳು. ತನಿಖಾಧಿಕಾರಿಗಳು ಸರಳವಾಗಿ ಹೇಳಬೇಕೆಂದು ಸೂಚಿಸಿದ್ದರಿಂದ ಹೀಗೆ ಹೇಳುತ್ತೇನೆ. ಪಾಸ್‌ವರ್ಡ್ ಎಂದರೆ ಬಾಗಿಲಲ್ಲಿ ನಿಂತು ಹೇಳುವ ಗುಟ್ಟಿನ ಮಾತು. ಕೇಳಿಸಿಕೊಂಡವರೆಲ್ಲ ಅದನ್ನು ಹೇಳಬಹುದು. ಆಕೆ ತಂದದ್ದು ಕೀಲಿಯ ಪದ್ಧತಿ. ಪ್ರತಿಯೊಬ್ಬರಿಗೂ ಅವರದೇ ಖಾತೆ, ಅವರದೇ ಕೀಲಿ. ಕೀಲಿಯೆಂದರೆ ಅವರವರ ಕಂಪ್ಯೂಟರಿನಲ್ಲೇ ಇರುವ ಒಂದು ರಹಸ್ಯ ಕಡತ. ಕೇಂದ್ರದ ಕಂಪ್ಯೂಟರಿನಲ್ಲಿ ಅದಕ್ಕೆ ಹೊಂದುವ ಬೀಗ ಮಾತ್ರ ಇರುತ್ತದೆ. ಬೀಗವನ್ನು ಯಾರು ನೋಡಿದರೂ ನಷ್ಟವಿಲ್ಲ, ಅದನ್ನು ನೋಡಿ ಕೀಲಿ ಮಾಡಲಾಗದು. ಕೀಲಿಯಿರುವ ಯಂತ್ರ ಕಳವಾದರೂ ಉಪಯೋಗಕ್ಕೆ ಬಾರದಂತೆ, ಕೀಲಿಗೂ ಒಂದು ಗುಪ್ತವಾಕ್ಯವಿರುತ್ತದೆ. ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನು ಆಕೆ ಪೂರ್ತಿ ಮುಚ್ಚಿದಳು. ಇವೆಲ್ಲದರ ಮೇಲೆ, ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಸಂಖ್ಯೆಯನ್ನೂ ಪ್ರತಿ ಸಲ ಕೊಡಬೇಕೆಂದು ಮಾಡಿದಳು. ಅಂದಿನಿಂದ ಎಲ್ಲರೂ ಅವಳನ್ನು ಬೀಗದಮ್ಮ ಎಂದು ಕರೆಯತೊಡಗಿದರು.

ಆರು ಅಂಕಿಯ ಸಂಖ್ಯೆ ಕಿವಿ ಮೇಷ್ಟ್ರಿಗೆ ಒಗ್ಗಲಿಲ್ಲ. ಅವರ ಫೋನಿನ ಯಂತ್ರಧ್ವನಿ ಅಂಕಿಗಳನ್ನು ಒಂದೊಂದಾಗಿ ಓದಿ ಮುಗಿಸಿ ಅವರು ಒತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಅವರು ಆಕೆಗೆ ಫೋನ್ ಮಾಡಿ, "ಆ ಯಮ್ಮ ಆರನೇದು ಹೇಳೋ ಹೊತ್ತಿಗೆ ಮೊದಲನೇದು ಹಳಸಿ ಹೋಗಿರುತ್ತೆ ಕಣಮ್ಮ. ನಿನ್ನ ಬಾಗಿಲು ಕಾಯೋಳು ಭಾರಿ ಗಟ್ಟಿಗಿತ್ತಿ, ಮನೆಯವನನ್ನೇ ಒಳಗೆ ಬಿಡಲ್ಲ!" ಎಂದರು. ಆಕೆ ಎರಡು ಮಧ್ಯಾಹ್ನ ಅವರ ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಯಂತ್ರಧ್ವನಿಯನ್ನಷ್ಟೇ ಕೇಳುತ್ತ ತಾನೇ ಲಾಗಿನ್ ಆಗಲು ಯತ್ನಿಸಿದಳು. ಹದಿನೇಳು ಸಲದಲ್ಲಿ ಹದಿನಾಲ್ಕು ಸಲ ಸೋತಳು. ಮೂರನೆಯ ದಿನ ಅವರ ಪಾಲಿಗೆ ಸಂಖ್ಯೆಯನ್ನು ಕೈಬಿಟ್ಟು, ಕೀಲಿಯನ್ನೂ ಉದ್ದವಾದ ಗುಪ್ತವಾಕ್ಯವನ್ನೂ ಉಳಿಸಿದಳು. ನಾನು ಇದು ರಾಜಿಯಲ್ಲವೇ ಎಂದು ಕೇಳಿದ್ದಕ್ಕೆ, "ಎಲ್ಲಕ್ಕಿಂತ ಕಷ್ಟದ್ದೇ ಎಲ್ಲಕ್ಕಿಂತ ಭದ್ರ ಅಲ್ಲ ಸರ್. ದಿನಾ ಬಳಸೋಕೆ ಆಗದ್ದನ್ನ ಕೊಟ್ರೆ ಅವರು ಕಿಟಕಿ ಹುಡುಕ್ತಾರೆ" ಎಂದಳು. ಕಿಟಕಿ ಹುಡುಕಿದವರು ಅವರಲ್ಲ. ಅದನ್ನು ಮುಂದೆ ಹೇಳಿದ್ದೇನೆ.

ಈ ತಿಂಗಳ 3ನೇ ತಾರೀಖಿನಿಂದ 16ರವರೆಗೆ ಆಕೆ ತನ್ನ ಅಕ್ಕನ ಹೆರಿಗೆಗಾಗಿ ರಜೆಯಲ್ಲಿದ್ದಳು. ಅಕ್ಕನ ಮನೆ ಕೇಂದ್ರದಿಂದ ನಲವತ್ತು ಕಿಲೋಮೀಟರ್.

4ನೇ ತಾರೀಖು ಬುಧವಾರ ಬೆಳಿಗ್ಗೆ 10.20ಕ್ಕೆ ಕಿವಿ ಮೇಷ್ಟ್ರು ನನಗೆ ಫೋನ್ ಮಾಡಿ, ಅವರ ಲ್ಯಾಪ್‌ಟಾಪ್ ಕೆಟ್ಟು ದುರಸ್ತಿಗೆ ಹೋಗಿದೆ, ಮಗಳ ಕಂಪ್ಯೂಟರ್ ಇದೆ ಆದರೆ ಅದರಲ್ಲಿ ಕೀಲಿಯಿಲ್ಲ, ವಿಜ್ಞಾನದ ಹನ್ನೆರಡು ಪಾಠ ಸಂಜೆಯೊಳಗೆ ಮುಗಿಯಬೇಕು, ಏನು ಮಾಡಲಿ ಎಂದು ಕೇಳಿದರು. ಮಗಳ ಕಂಪ್ಯೂಟರಿನಲ್ಲಿ ಹೊಸ ಕೀಲಿ ಮಾಡಿ, ಅದರ ಬೀಗವನ್ನು ಇಲ್ಲಿ ಸೇರಿಸುವುದು ಸರಿಯಾದ ದಾರಿ. ಅದನ್ನು ಮಾಡುವ ಕ್ರಮ ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿದ್ದರೆ ಆಕೆ ಹೇಳುತ್ತಿದ್ದಳು. ಅಕ್ಕನ ಹೆರಿಗೆಯ ಗಡಿಬಿಡಿಯಲ್ಲಿ ತೊಂದರೆ ಕೊಡಬಾರದೆಂದು ಫೋನ್ ಮಾಡಲಿಲ್ಲ ಎಂದು ನಾನು ಇದುವರೆಗೆ ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ನಿಜ. ಕಲಿಸಿದವನು ಕಲಿತವಳ ಹತ್ತಿರ ಕೇಳುವುದೇ ಎಂಬ ಬಿಂಕ ಉಳಿದರ್ಧ. ಅದನ್ನೂ ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ಅದೇ ದಿನ 10.45ಕ್ಕೆ ನಾನು ನನ್ನ ಖಾತೆಯಿಂದ ಕಂಪ್ಯೂಟರಿನ ಲಾಗಿನ್ ನಿಯಮದ ಕಡತ ತೆರೆದು, ಪಾಸ್‌ವರ್ಡಿಗೆ "ಇಲ್ಲ" ಎಂದು ಆಕೆ ಬರೆದಿದ್ದ ಸಾಲನ್ನು "ಹೌದು" ಎಂದು ತಿದ್ದಿದೆ. ಓದುಗ ಎಂಬ ಹೆಸರಿನಲ್ಲಿ ಹೊಸ ಖಾತೆ ಮಾಡಿ, ಮೇಷ್ಟ್ರ ಖಾತೆಯಂತೆ ಇದಕ್ಕೂ ಆರು ಅಂಕಿಯ ಸಂಖ್ಯೆ ಬೇಡವೆಂದು ಗುರುತಿಸಿ, ಪಾಠಗಳನ್ನು ಸೇರಿಸುವ, ಅಳಿಸುವ ಎಲ್ಲ ಅಧಿಕಾರವನ್ನೂ ಅದಕ್ಕೆ ಕೊಟ್ಟೆ. ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ. ಮರುದಿನ ಮುಚ್ಚಲು ಮರೆತೆ.

ಇಲ್ಲಿ ನಮ್ಮ ಕೇಂದ್ರದ ಒಂದು ರೂಢಿಯನ್ನು ಹೇಳಬೇಕು. ಕಿವಿ ಮೇಷ್ಟ್ರಿಗೆ ಏನನ್ನಾದರೂ ತಿಳಿಸಬೇಕಾದರೆ ನಾವು ಬರೆದು ಕಳಿಸುವುದಿಲ್ಲ, ಧ್ವನಿಯಲ್ಲಿ ಹೇಳಿ ಕಳಿಸುತ್ತೇವೆ. ಬರೆದದ್ದನ್ನು ಯಂತ್ರಧ್ವನಿ ಓದಿದರೆ ನಮ್ಮವರ ಕಾಗದವನ್ನು ಅಂಚೆಯವನಿಂದ ಓದಿಸಿಕೊಂಡ ಹಾಗಾಗುತ್ತದೆ ಎಂದು ಅವರು ಹನ್ನೆರಡು ವರ್ಷದ ಹಿಂದೆ ಹೇಳಿದ್ದರು. ಅಂದಿನಿಂದ ಹೀಗೆ. ಆದ್ದರಿಂದ 10.58ಕ್ಕೆ ನಾನು ಧ್ವನಿಮುದ್ರಣ ಕೋಣೆಗೆ ಹೋಗಿ, ಕದ ಮುಚ್ಚಿ, ಮೈಕಿನ ಮುಂದೆ ಕುಳಿತು, ಕಂಪ್ಯೂಟರಿನ ವಿಳಾಸ, ಖಾತೆಯ ಹೆಸರು, ಪಾಸ್‌ವರ್ಡ್ ಇವನ್ನು ಬಿಡಿಸಿ ಬಿಡಿಸಿ ಎರಡೆರಡು ಸಲ ಹೇಳಿದೆ. ಮೂವತ್ತೆಂಟು ಸೆಕೆಂಡಿನ ಮುದ್ರಣ. ಅದರ ಪ್ರತಿಯನ್ನು ಅವರ ಫೋನಿಗೆ ಕಳಿಸಿದೆ. ಅವರು 11.10ಕ್ಕೆ ಒಳಗೆ ಬಂದು ಸಂಜೆ 5.35ಕ್ಕೆ ಹನ್ನೆರಡು ಪಾಠ ಮುಗಿಸಿದರು. ಎರಡು ದಿನದಲ್ಲಿ ಲ್ಯಾಪ್‌ಟಾಪ್ ಬಂದ ಮೇಲೆ ತಮ್ಮ ಕೀಲಿಯಿಂದಲೇ ಬರತೊಡಗಿದರು.

ಮುದ್ರಣ ಕೋಣೆಯಲ್ಲಿ ಮಾತಾಡಿದ್ದೆಲ್ಲವೂ ಆ ದಿನದ ಪಾಠಗಳ ಕಡತಕೋಶದಲ್ಲಿ ತಾನಾಗಿ ಉಳಿಯುತ್ತದೆ. ಹೀಗಾಗಿ ನನ್ನ ಮಾತು ಹನ್ನೆರಡು ಪಾಠಗಳ ಜೊತೆ ಹದಿಮೂರನೆಯದಾಗಿ ಉಳಿಯಿತು. ಶುಕ್ರವಾರ 6ನೇ ತಾರೀಖು ಸಂಜೆ 7 ಗಂಟೆಗೆ ಆ ಕೋಶದಲ್ಲಿದ್ದುದೆಲ್ಲ, ಪ್ರತಿ ಶುಕ್ರವಾರದಂತೆ, ಯಾರು ಬೇಕಾದರೂ ಕೇಳಬಹುದಾದ ನಮ್ಮ ಇಂಟರ್ನೆಟ್ ಪುಟಕ್ಕೆ ತಾನಾಗಿ ಹೋಯಿತು. ಇದು ನನಗೆ ಆಗ ತಿಳಿಯಲಿಲ್ಲ. ಹದಿನೆಂಟು ದಿನ ತಿಳಿಯಲಿಲ್ಲ.

15ನೇ ತಾರೀಖು ಭಾನುವಾರ ಕೇಂದ್ರಕ್ಕೆ ರಜೆ. ಮಧ್ಯಾಹ್ನ 1.49ಕ್ಕೆ ಯಾರೋ ಓದುಗ ಖಾತೆಯಿಂದ ಒಳಗೆ ಬಂದು 1.52ರಿಂದ ಪಾಠಗಳನ್ನು ಅಳಿಸತೊಡಗಿದರು. 2.31ಕ್ಕೆ ತಂತ್ರಜ್ಞೆ ತನ್ನ ಕೀಲಿಯಿಂದ ಒಳಗೆ ಬಂದಳು. ಕಂಪ್ಯೂಟರಿನಲ್ಲಿ ಪಾಠಗಳಿರುವ ಜಾಗ ಏಕಾಏಕಿ ಖಾಲಿಯಾದರೆ ತನ್ನ ಫೋನಿಗೆ ಎಚ್ಚರಿಕೆ ಬರುವಂತೆ ಆಕೆಯೇ ಮಾಡಿಕೊಂಡಿದ್ದಳು. 2.34ಕ್ಕೆ ಕಂಪ್ಯೂಟರಿನ ಇಂಟರ್ನೆಟ್ ಸಂಪರ್ಕವನ್ನು ಕಡಿದಳು. 2.36ಕ್ಕೆ ನನಗೆ ಫೋನ್ ಮಾಡಿದಳು. ಹಿಂದೆ ಮಗು ಅಳುತ್ತಿತ್ತು. "ಸರ್, ಯಾರೋ ಒಳಗಿದ್ರು, ಹೊರಗೆ ಹಾಕಿದೀನಿ, ನೀವು ಹೋಗಿ ಪ್ಲಗ್ ಮುಟ್ಟಬೇಡಿ, ಹಾಗೇ ಇರಲಿ" ಎಂದಳು. ಒಟ್ಟು 411 ಪಾಠಗಳು ಅಳಿಸಿದ್ದವು. 7ನೇ ತಾರೀಖು ಶನಿವಾರ ನಾನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟಿದ್ದ ಪ್ರತಿಯಿಂದ 354 ಮರಳಿ ಬಂದವು. 57 ಹೋದವು. ಹೀಗೆ ಶನಿವಾರಕ್ಕೊಮ್ಮೆ ಪ್ರತಿ ತೆಗೆಯಬೇಕು. 14ನೇ ತಾರೀಖು ಶನಿವಾರ ತೆಗೆಯುವುದೂ, ಆಕೆ ರಜೆಯಲ್ಲಿದ್ದ ಕಾರಣ, ನನ್ನ ಪಾಲಿಗಿತ್ತು. ನಾನು ತೆಗೆದಿರಲಿಲ್ಲ. ವಿದ್ಯಾರ್ಥಿಗಳ ಪರೀಕ್ಷೆ ಮುಂದಿನ ತಿಂಗಳು 12ಕ್ಕೆ.

16ನೇ ತಾರೀಖು ಸೋಮವಾರ ಬೆಳಿಗ್ಗೆ 9.40ಕ್ಕೆ ಕಾರ್ಯದರ್ಶಿಯವರ ಕೋಣೆಯಲ್ಲಿ ಅವರು, ನಾನು, ರಜೆ ಮುಗಿಯುವ ಮೊದಲೇ ಓಡಿ ಬಂದಿದ್ದ ಆಕೆ, ಮೂವರೂ ಭಾನುವಾರದ ಲಾಗಿನ್ ದಾಖಲೆಯನ್ನು ನೋಡಿದೆವು. ಅದರಲ್ಲಿ ಎರಡೇ ಸಾಲು. ಒಂದು, ಓದುಗ. ಇನ್ನೊಂದು, ಆಕೆಯ ಪೂರ್ಣ ಹೆಸರು, ಆಕೆಯ ಕೀಲಿಯ ಗುರುತು. ಆಕೆ ನನ್ನ ಕಡೆ ತಿರುಗಿ ಓದುಗ ಯಾರು ಎಂದು ಕೇಳಿದಳು. ಕಿವಿ ಮೇಷ್ಟ್ರಿಗಾಗಿ ನಾನು ಮಾಡಿದ ಖಾತೆ, ಪಾಸ್‌ವರ್ಡ್ ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ ಎಂದೆ. ಅದು ಆಗ ನಾನು ನಂಬಿದ್ದ ನಿಜ. ಅದೇ ಆಕೆಗೆ ಮುಳುವಾಯಿತು. ಕಾರ್ಯದರ್ಶಿಯವರು, "ಮೇಷ್ಟ್ರು ಮಾಡಿರಲ್ಲ. ನೀವು ಮಾಡಿರಲ್ಲ. ಮನೇಲಿರೋ ಬೀಗಗಳ ಒಳಗುಟ್ಟೆಲ್ಲ ಗೊತ್ತಿರೋದು ಇನ್ಯಾರಿಗೆ? ಆವತ್ತು ಸಭೇಲಿ ಹೇಳಿದ್ದನ್ನ ಮಾಡಿ ತೋರಿಸಿದಾಳೆ. ಹೆಸರೂ ಇಲ್ಲೇ ಇದೆಯಲ್ಲ!" ಎಂದರು. ಓದುಗ ಒಳಗೆ ಬಂದ ಇಂಟರ್ನೆಟ್ ವಿಳಾಸ ಪರದೇಶದ ಯಾವುದೋ ಬಾಡಿಗೆ ಯಂತ್ರದ್ದು ಎಂದು ಆಕೆ ತೋರಿಸಿದಳು. ಬಾಡಿಗೆಗೆ ಯಾರು ಬೇಕಾದರೂ ಪಡೆಯಬಹುದಲ್ಲ, ನೀನೂ ಪಡೆಯಬಹುದು ಎಂದು ಅವರು ಹೇಳಿದರು. ಆಕೆ ಮತ್ತೆ ನನ್ನ ಕಡೆ ನೋಡಿದಳು. ನಾನು ದಾಖಲೆಯ ಕಾಗದವನ್ನು ನೋಡುತ್ತಿದ್ದೆ.

11.05ಕ್ಕೆ ಕಾರ್ಯದರ್ಶಿಯವರ ಸೂಚನೆಯಂತೆ ಕಂಪ್ಯೂಟರಿನಿಂದ ಆಕೆಯ ಬೀಗದ ಸಾಲನ್ನು ತೆಗೆದುಹಾಕಿದವನು ನಾನು. 12.30ಕ್ಕೆ ದೂರು ದಾಖಲಾಯಿತು. 17ರಂದು ಆಕೆ ಈ ಠಾಣೆಯಲ್ಲಿ ಮೂರು ಗಂಟೆ ನಲವತ್ತು ನಿಮಿಷ ಇದ್ದಳೆಂದು ಅವಳ ತಂದೆಯಿಂದ ತಿಳಿಯಿತು.

24ನೇ ತಾರೀಖು ಮಂಗಳವಾರ ಸಂಜೆ 4.15ಕ್ಕೆ ಕೇಂದ್ರದ ಫೋನಿಗೆ ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿನಿ ಕರೆ ಮಾಡಿದಳು. ಆಕೆಗೆ ದೃಷ್ಟಿಯಿಲ್ಲ, ನಮ್ಮ ಪಾಠಗಳನ್ನೇ ಕೇಳಿ ಓದುತ್ತಾಳೆ. "ಸರ್, ವಿಜ್ಞಾನದಲ್ಲಿ ಹದಿಮೂರನೇದು ಅಂತ ನಿಮ್ಮ ಧ್ವನಿ ಇದೆ. ಇದು ಯಾವ ಪಾಠಕ್ಕೆ ಸೇರಿದ್ದು? ನನಗಂತೂ ಬಾಯಿಪಾಠ ಆಗೋಗಿದೆ, ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದಳು. ಅದರಲ್ಲಿ ಏನಿದೆ ಎಂದು ನಾನು ಕೇಳಿದೆ. ಆಕೆ ಕಂಪ್ಯೂಟರಿನ ವಿಳಾಸ, ಖಾತೆಯ ಹೆಸರು, ಹನ್ನೊಂದು ಅಕ್ಷರದ ಪಾಸ್‌ವರ್ಡ್, ಎಲ್ಲವನ್ನೂ ನಾನು ನಿಲ್ಲಿಸಿದ ಕಡೆ ನಿಲ್ಲಿಸಿ, ಒಂದಕ್ಷರ ತಪ್ಪದೆ ಒಪ್ಪಿಸಿದಳು. ಪರೀಕ್ಷೆಗೆ ಬರುವುದಿಲ್ಲ ಮಗಳೇ ಎಂದು ಹೇಳಿ ಫೋನ್ ಇಟ್ಟೆ.

4.32ಕ್ಕೆ ನಾನು ಆ ಪುಟ ತೆರೆದು ಹದಿಮೂರನೆಯದನ್ನು ಕೇಳಿದೆ. 46 ಸಲ ಕೇಳಲಾಗಿದೆ ಎಂದು ಅಲ್ಲಿ ತೋರಿಸುತ್ತಿತ್ತು. ಮೊದಲ ಮೂವತ್ತೊಂದು ಸೆಕೆಂಡು ವಿದ್ಯಾರ್ಥಿನಿ ಒಪ್ಪಿಸಿದಂತೆಯೇ ಇತ್ತು. ಕೊನೆಯ ಏಳು ಸೆಕೆಂಡು ನನ್ನ ನೆನಪಿನಿಂದ ಹೋಗಿತ್ತು. ಅದರಲ್ಲಿ ನಾನು ನಗುತ್ತ, "ಮೇಷ್ಟ್ರೇ, ಇದನ್ನ ನಮ್ಮ ಬೀಗದಮ್ಮಂಗೆ ಮಾತ್ರ ಹೇಳಬೇಡಿ. ಅವಳಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ, ಬೈತಾಳೆ" ಎಂದಿದ್ದೇನೆ.

ಪುಟದಿಂದ ಅದನ್ನು ತೆಗೆದುಹಾಕಿ, ಪ್ರತಿಯನ್ನು ನನ್ನ ಬಳಿ ಇಟ್ಟುಕೊಂಡೆ. ನಂತರ ಇಪ್ಪತ್ತು ನಿಮಿಷ ಅದನ್ನು ಧ್ವನಿ ಕತ್ತರಿಸುವ ತಂತ್ರಾಂಶದಲ್ಲಿ ತೆರೆದಿಟ್ಟುಕೊಂಡು ಕುಳಿತಿದ್ದೆ. ಪಾಸ್‌ವರ್ಡ್ ಹೀಗೆ ಹೊರಗೆ ಹೋಯಿತೆಂದು ಹೇಳಲು ಮೊದಲ ಮೂವತ್ತೊಂದು ಸೆಕೆಂಡು ಸಾಕು, ಅದನ್ನು ಕೈತಪ್ಪು ಎನ್ನಬಹುದು. ಮಾಡುತ್ತಿರುವುದು ತಪ್ಪೆಂದು ನನಗೆ ಆಗಲೇ ಗೊತ್ತಿತ್ತು ಎನ್ನುವುದು ಕೊನೆಯ ಏಳರಲ್ಲಿದೆ. ಮೂವತ್ತು ವರ್ಷ ಧ್ವನಿ ಕತ್ತರಿಸಿದವನಿಗೆ ಏಳು ಸೆಕೆಂಡು ಕತ್ತರಿಸುವುದು ಉಗುರು ಕತ್ತರಿಸಿದಷ್ಟು ಸುಲಭ. ಕತ್ತರಿಸುವ ಗುರುತನ್ನು ಎರಡು ಸಲ ಅಲ್ಲಿಗೆ ತಂದಿಟ್ಟೆ ಎಂಬುದನ್ನೂ ಹೇಳಬೇಕು. ಆದರೆ ಆ ಖಾತೆಯ ವಿಷಯ ತಂತ್ರಜ್ಞೆಗೆ ತಿಳಿದಿರಲಿಲ್ಲ ಎಂಬುದಕ್ಕೆ ಜಗತ್ತಿನಲ್ಲಿರುವ ಏಕೈಕ ಸಾಕ್ಷಿಯೂ ಅದೇ ಏಳು ಸೆಕೆಂಡು.

4.58ಕ್ಕೆ ಕಿವಿ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, ಈಗೇನು ಮಾಡಲಿ ಎಂದೆ. ಅವರು, "ಏನು ಮಾಡ್ಬೇಕು ಅಂತ ಕೇಳ್ತಿದೀರೋ, ಮಾಡ್ಬೇಕಾದ್ದು ಗೊತ್ತಿದ್ದು ಧೈರ್ಯ ಕೇಳ್ತಿದೀರೋ? ಧೈರ್ಯ ಆದ್ರೆ ನನ್ನ ಹತ್ರಾನೂ ಕಡಿಮೆ. ಆ ಧ್ವನಿ ನನ್ನ ಫೋನಲ್ಲೂ ಇತ್ತು. ಅವಳನ್ನ ಠಾಣೆಗೆ ಕರೆಸಿದ್ರು ಅಂದಾಗ ನೆನಪಾಗಬೇಕಿತ್ತು, ಆಗಲಿಲ್ಲ. ಈ ಕಿವಿ ಇಟ್ಕೊಂಡು ಏನು ಬಂತು!" ಎಂದರು.

25ನೇ ತಾರೀಖು ಬೆಳಿಗ್ಗೆ 8.10ಕ್ಕೆ ನಾನು ತಂತ್ರಜ್ಞೆಯ ಮನೆಗೆ ಹೋದೆ. ತಂದೆ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. "ನನ್ನ ಮಗಳು ಎರಡು ವರ್ಷದಿಂದ ಮನೇಲಿ ಸರ್ ಹಾಗಂದ್ರು, ಸರ್ ಹೀಗಂದ್ರು ಅಂತಿದ್ಳು. ಅವಳು ಠಾಣೆ ಬೆಂಚಿನ ಮೇಲೆ ಕೂತಿದ್ದಾಗ ಸರ್ ಏನಂದ್ರು ಅಂತ ನಾನು ಕೇಳಲಿಲ್ಲ. ಕೇಳೋಕೆ ಮನಸ್ಸು ಬರಲಿಲ್ಲ" ಎಂದರು. ನಾನು ಮೆಟ್ಟಿಲ ಮೇಲೆ ನಿಂತೇ ಆಕೆಗೆ ವಿಷಯ ಹೇಳಿದೆ. ಆಕೆ ಗೋಡೆಗೆ ಒರಗಿ ಪೂರ್ತಿ ಕೇಳಿದಳು. ನಂತರ, "ನನ್ನ ಕೀಲಿ ತೆಗೆದದ್ದು ನೀವೇನಾ ಸರ್?" ಎಂದಳು. ಹೌದು ಎಂದೆ. "ಸಾಲು ಪೂರ್ತಿ ತೆಗೆದ್ರಾ? ಅರ್ಧ ಉಳಿದ್ರೆ ಬೇರೆಯವರದ್ದೂ ಕೆಡುತ್ತೆ" ಎಂದಳು. ಪೂರ್ತಿ ತೆಗೆದೆ ಎಂದೆ. ಸರಿ ಎಂದು ಒಳಗೆ ಹೋದಳು. ಠಾಣೆಗೆ ಹೋಗಿ ಹೇಳಿ ಎಂದು ಆಕೆ ಕೇಳಲಿಲ್ಲ. ಆಕೆಯ ಮನೆಯವರೂ ಕೇಳಲಿಲ್ಲ.

ಇಂದು 26ನೇ ತಾರೀಖು ಗುರುವಾರ ಬೆಳಿಗ್ಗೆ 10.30ಕ್ಕೆ ನಾನು ಠಾಣೆಗೆ ಬಂದು ಸದರಿ ಮುದ್ರಣವನ್ನು, ಏನನ್ನೂ ತೆಗೆಯದೆ, ಮೂವತ್ತೆಂಟು ಸೆಕೆಂಡೂ ಇರುವಂತೆ ಹಾಜರುಪಡಿಸಿದ್ದೇನೆ. 4ನೇ ತಾರೀಖು ಓದುಗ ಖಾತೆಯನ್ನು ಮಾಡಿದ್ದು, ಪಾಸ್‌ವರ್ಡಿನ ದಾರಿಯನ್ನು ತೆರೆದದ್ದು, ಎರಡೂ ನನ್ನ ಹೆಸರಿನಲ್ಲಿ ದಾಖಲಾಗಿರುವ ಕಾಗದವನ್ನೂ ಕೊಟ್ಟಿದ್ದೇನೆ. ಅಳಿಸಿದವರು ಯಾರೆಂದು ನನಗೆ ತಿಳಿಯದು. ಕೇಳಿದ 46 ಸಲದಲ್ಲಿ ಯಾವುದೋ ಒಂದು ಕಿವಿ ಅವರದಾಗಿರಬೇಕು ಎಂಬುದು ನನ್ನ ಊಹೆ.

ಹಾಗಾದರೆ ದಾಖಲೆಯಲ್ಲಿ ಆಕೆಯೊಬ್ಬಳ ಹೆಸರೇ ಏಕಿದೆ ಎಂದು ತನಿಖಾಧಿಕಾರಿಗಳು ಕೇಳಿದ್ದಕ್ಕೆ ನನ್ನ ಉತ್ತರವೇನೆಂದರೆ: ಎಲ್ಲರೂ ಹಂಚಿಕೊಳ್ಳುವ ಪಾಸ್‌ವರ್ಡಿನಿಂದ ಬಂದವನಿಗೆ ಮುಖವಿರುವುದಿಲ್ಲ. ತನ್ನ ಕೀಲಿಯಿಂದ ಬಂದವಳು ತನ್ನ ಹೆಸರನ್ನು ಬರೆದಿಟ್ಟೇ ಒಳಗೆ ಬರುತ್ತಾಳೆ. ಬೆಂಕಿ ಆರಿಸಲು ಬಂದವಳು ಹೆಸರು ಹೇಳಿ ಬಂದಳು. ನಾವು ಆ ಹೆಸರನ್ನೇ ಹಿಡಿದುಕೊಂಡೆವು.

11.20ಕ್ಕೆ ತನಿಖಾಧಿಕಾರಿಗಳು ಆಕೆಯನ್ನು ಕರೆಸಿದರು. 11.50ಕ್ಕೆ ಆಕೆಯ ಮತ್ತು ಆಕೆಯ ತಂದೆಯ ಎದುರಿಗೆ ಮುದ್ರಣವನ್ನು ಹಾಕಿ, ಈ ಧ್ವನಿ ಯಾರದು ಎಂದು ಕೇಳಿದರು. ನನ್ನದು ಎಂದು ಗುರುತಿಸಿದ್ದೇನೆ. ಕೊನೆಯ ಮಾತು ಮುಗಿದ ಮೇಲೆ ಅಧಿಕಾರಿಗಳು ಆಕೆಯ ಕಡೆ ತಿರುಗಿ, "ಹೌದೇನಮ್ಮ, ಗೊತ್ತಾಗಿದ್ರೆ ಬೈತಿದ್ಯಾ?" ಎಂದು ಕೇಳಿದರು. ಆಕೆ ನನ್ನನ್ನು ನೋಡುತ್ತಲೇ, "ಇಲ್ಲ ಸರ್. ಹೊಸ ಕೀಲಿ ಮಾಡೋದು ಎರಡು ನಿಮಿಷದ ಕೆಲಸ. ಫೋನಲ್ಲೇ ಹೇಳಿಕೊಡ್ತಿದ್ದೆ" ಎಂದಳು.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ನನಗೆ ಗಟ್ಟಿಯಾಗಿ ಓದಿ ಹೇಳಲಾಗಿದೆ. ಸೇರಿಸಬೇಕಾದದ್ದಾಗಲಿ ಕತ್ತರಿಸಬೇಕಾದದ್ದಾಗಲಿ ಇದರಲ್ಲಿ ಇಲ್ಲ. ಇದು ನಾನು ಬಲ್ಲ ಮಟ್ಟಿಗೆ ಪೂರ್ತಿ ನಿಜವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ವಿಚಾರಣಾ ಕೊಠಡಿ
ದಿನಾಂಕ: ಈ ತಿಂಗಳ 26, ಮಧ್ಯಾಹ್ನ 12.40
(ಸಹಿ)
ತಾಂತ್ರಿಕ ಮುಖ್ಯಸ್ಥ, ಧ್ವನಿಪುಸ್ತಕ ಕೇಂದ್ರ